ಊರಿನ ಕಲೆಗೆ ಸರ್ಕಾರದ ನೆರವು: ಯಾವ ಬಾಗಿಲು, ಯಾವ ಕಾಗದ

ಹೋದ ಸಲ ಜಾತ್ರೆಯ ಹೊತ್ತಿಗೆ ತೊಗಲುಗೊಂಬೆ ಮನೆತನದ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ನಮ್ಮ ಮನೆಗೆ ಬಂದಿದ್ದರು. ಒಳಗೆ ಎರಡು ಪ್ರಶಸ್ತಿ ಪತ್ರ, ಅಂಚು ಹರಿದ ಮೂರು ಫೋಟೋ, ಒಂದು ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ ಮತ್ತು ಮಾಸಾಶನದ ಅರ್ಜಿಗೆ ಬಂದ ಹಿಂಬರಹ. 'ಕಲಾಸೇವೆಯ ಬಗ್ಗೆ ಸೂಕ್ತ ದಾಖಲೆ ಲಗತ್ತಿಸಿಲ್ಲ' ಎಂದು ಅದರಲ್ಲಿ ಬರೆದಿತ್ತು. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಲವತ್ತು ವರ್ಷ ಗೊಂಬಿ ಆಡಿಸೀವ್ರೀ ಸರ. ಆಟ ಮುಗದ ಮ್ಯಾಲೆ ಊರವ್ರು ಜ್ವಾಳ ಕೊಡ್ತಿದ್ರು. ಕಾಗದ ಯಾರ್ ಕೊಡ್ತಿದ್ರು?" ಎಂದರು.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಊರವರು ಮಳೆಗಾಗಿ ಇವರನ್ನು ಕರೆಸಿ ಆಟ ಆಡಿಸುತ್ತಿದ್ದರು, ಕಾಳು ಅಳೆದು ಕೊಡುತ್ತಿದ್ದರು, ಅಲ್ಲಿಗೆ ಲೆಕ್ಕ ಮುಗಿಯುತ್ತಿತ್ತು. ಸರ್ಕಾರಿ ಕಚೇರಿ ನಡೆಯುವುದು ಕಾಗದದ ಮೇಲೆ. ಊರಿನ ಕಲೆ ಉಳಿಸಬೇಕೆನ್ನುವ ನಮ್ಮಂಥವರು ಮೊದಲು ಕಲಿಯಬೇಕಾದ ಕೆಲಸ ಅಲ್ಲೇ ಇದೆ: ಒಂದು ಬದುಕಿನ ಕಲಾಸೇವೆಯನ್ನು ಸುಳ್ಳಿಲ್ಲದೆ ಕಾಗದಕ್ಕೆ ಇಳಿಸುವುದು, ಅದನ್ನು ಸರಿಯಾದ ಬಾಗಿಲಿಗೆ ಸರಿಯಾದ ಕ್ರಮದಲ್ಲಿ ತಲುಪಿಸುವುದು. ಶಾಲಾ ಮೇಷ್ಟ್ರು, ಓದಿದ ಮೊಮ್ಮಕ್ಕಳು, ಬೆಂಗಳೂರಲ್ಲೋ ಪರದೇಶದಲ್ಲೋ ಇದ್ದು ಊರಿನ ಮೇಳಕ್ಕೆ ಏನಾದರೂ ಮಾಡಬೇಕು ಅಂದುಕೊಳ್ಳುವವರು, ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಉಳಿಸಬೇಕಾದದ್ದು ಏನು ಎಂದು ಗೊತ್ತುಮಾಡಿಕೊಳ್ಳಿ

'ಸಂಸ್ಕೃತಿ ಉಳಿಸಿ' ಎಂದು ಅರ್ಜಿ ಬರೆದರೆ ಯಾವ ಮೇಜಿನಲ್ಲೂ ಅದಕ್ಕೆ ಜಾಗವಿಲ್ಲ. ಅದೇ ಗೊಂಬೆಯಾಟವನ್ನು ಬಿಡಿಸಿ ನೋಡಿ. ಆಡಿಸುವ ಮುದುಕರ ಹೊಟ್ಟೆಪಾಡು ಒಂದು ವಿಷಯ. ಮೊಮ್ಮಗನಿಗೆ ಹಾಡು, ಮಾತು, ಗೊಂಬೆ ಹಿಡಿಯುವ ಕೈಚಳಕ ಕಲಿಸುವುದು ಇನ್ನೊಂದು. ಮೇಳ ಊರೂರಿಗೆ ಹೋಗಿ ಆಟ ಆಡುವುದು ಮೂರನೆಯದು. ಚರ್ಮ ಹದ ಮಾಡಿ, ಕತ್ತರಿಸಿ, ಬಣ್ಣ ಹಾಕಿ ಹೊಸ ಗೊಂಬೆ ಮಾಡುವುದು ಕರಕುಶಲ. ಪೆಟ್ಟಿಗೆಯಲ್ಲಿರುವ ಮುತ್ತಜ್ಜನ ಕಾಲದ ಗೊಂಬೆಗಳದು ಪ್ರಾಚ್ಯವಸ್ತುವಿನ ವಿಷಯ. ಒಂದೇ ಮನೆಯ ಈ ಐದು ಕೆಲಸಗಳಿಗೆ ಬೇರೆ ಬೇರೆ ಬಾಗಿಲುಗಳಿವೆ. ಐದನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುತ್ತದೆ.

ರಾಜ್ಯ ಯಾವುದು, ಕೇಂದ್ರ ಯಾವುದು

ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಂಗಭೂಮಿ, ನಾಟಕ ಪ್ರದರ್ಶನಗಳು ರಾಜ್ಯಪಟ್ಟಿಯಲ್ಲಿವೆ. ಸಂಸತ್ತು ರಾಷ್ಟ್ರೀಯ ಮಹತ್ವದ್ದು ಎಂದು ಸಾರಿದ ಸ್ಮಾರಕಗಳು ಕೇಂದ್ರದ ಪಾಲಿಗೆ ಸೇರಿವೆ. ಹಾಗಾಗಿ ಕಲಾವಿದರ ಪಾಲಿಗೆ ಹತ್ತಿರದ ಬಾಗಿಲು ಕರ್ನಾಟಕದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನ ಅದರ ಕೇಂದ್ರ ಕಚೇರಿ. ಅಲ್ಲಿಯವರೆಗೆ ಹೋಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಜಿಲ್ಲಾ ಕೇಂದ್ರದಲ್ಲೇ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿ ಇರುತ್ತದೆ.

ಇಲಾಖೆಯ ಜೊತೆಗೇ ಅಕಾಡೆಮಿಗಳಿವೆ: ಜಾನಪದ, ಯಕ್ಷಗಾನ, ನಾಟಕ, ಸಂಗೀತ ನೃತ್ಯ, ಶಿಲ್ಪಕಲಾ, ಲಲಿತಕಲಾ, ಸಾಹಿತ್ಯ. ದೊಡ್ಡಾಟ, ಸಣ್ಣಾಟದವರಿಗೆ ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ. ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮಂಗಳೂರಿನಲ್ಲಿ, ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳು ಮಡಿಕೇರಿಯಲ್ಲಿ. ನಿಮ್ಮ ಕಲೆ ಯಾವ ಅಕಾಡೆಮಿಗೆ ಸೇರುತ್ತದೆಂದು ತಿಳಿಯದಿದ್ದರೆ ಸಹಾಯಕ ನಿರ್ದೇಶಕರ ಕಚೇರಿಯಲ್ಲೇ ಕೇಳಿ.

ಕೇಂದ್ರದಲ್ಲಿರುವುದು ಸಂಸ್ಕೃತಿ ಸಚಿವಾಲಯ. ಸಂಗೀತ ನಾಟಕ ಅಕಾಡೆಮಿ, 1954ರಲ್ಲಿ ಶುರುವಾದ ಸಾಹಿತ್ಯ ಅಕಾಡೆಮಿ ಮತ್ತು ಲಲಿತಕಲಾ ಅಕಾಡೆಮಿ, ರಾಷ್ಟ್ರೀಯ ನಾಟಕ ಶಾಲೆ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಇವೆಲ್ಲ ಅದರ ನೆರಳಿನಲ್ಲಿವೆ. ದೇಶದಲ್ಲಿ 7 ವಲಯ ಸಾಂಸ್ಕೃತಿಕ ಕೇಂದ್ರಗಳಿವೆ. ಕರ್ನಾಟಕ ಇವುಗಳಲ್ಲಿ ಎರಡಕ್ಕೆ ಸೇರಿದೆ: ತಂಜಾವೂರಿನ ದಕ್ಷಿಣ ವಲಯ ಮತ್ತು ನಾಗಪುರದ ದಕ್ಷಿಣ ಮಧ್ಯ ವಲಯ. ನಮ್ಮ ಮೇಳಗಳವರಲ್ಲಿ ಎಷ್ಟೋ ಜನ ಒಂದನ್ನು ಮಾತ್ರ ಬಲ್ಲರು. ಎರಡೂ ಕಡೆ ನಿಮ್ಮ ಮೇಳದ ವಿವರ ಕಳಿಸಿಡಿ, ಉತ್ಸವಗಳಿಗೆ ಹೊರರಾಜ್ಯದ ಕರೆ ಬರುವುದು ಇಂಥ ಕಡೆಯಿಂದಲೇ.

ಕಾಗದ ಕಟ್ಟುವ ಕೆಲಸ

ಇಲ್ಲಿ ಆತುರಪಡಬೇಡಿ. ಅರ್ಜಿ ತುಂಬಲು ಅರ್ಧ ಗಂಟೆ ಸಾಕು, ಅದರ ಹಿಂದಿನ ಕಾಗದಕ್ಕೆ ಎರಡು ಮೂರು ತಿಂಗಳು ಬೇಕಾಗುತ್ತದೆ.

ಹೆಸರಿನಿಂದ ಶುರುಮಾಡಿ. ನಮ್ಮ ಮನೆಗೆ ಬಂದ ಹಿರಿಯರ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಪಾಸ್‌ಬುಕ್‌ನಲ್ಲಿ ಇನ್ನೊಂದು, ಪ್ರಶಸ್ತಿ ಪತ್ರದಲ್ಲಿ ಮತ್ತೊಂದು. ಒಂದರಲ್ಲಿ ಅಡ್ಡಹೆಸರಾಗಿ ಜಾತಿಯ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು, ಮೂರನೆಯದರಲ್ಲಿ ಅಪ್ಪನ ಹೆಸರು. ಹುಟ್ಟಿದ ದಿನ ಜನವರಿ 1. ಆ ವಯಸ್ಸಿನ ಎಷ್ಟೋ ಜನರ ಆಧಾರ್‌ನಲ್ಲಿ ಇದೇ ದಿನವಿರುತ್ತದೆ, ಅದರಿಂದ ತೊಂದರೆಯಿಲ್ಲ. ಇಸವಿ ಮಾತ್ರ ಎಲ್ಲ ಕಾಗದದಲ್ಲೂ ಒಂದೇ ಇರಬೇಕು. ಮೊದಲು ಆಧಾರ್ ಸರಿಮಾಡಿಸಿ, ಅದರ ಪ್ರಕಾರ ಬ್ಯಾಂಕಿನಲ್ಲಿ ಹೆಸರು ತಿದ್ದಿಸಿ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನವರನ್ನೇ ಕೇಳಿ. ಹಳೆಯ ಪ್ರಶಸ್ತಿ ಪತ್ರದ ಹೆಸರನ್ನು ತಿದ್ದಲು ಬರುವುದಿಲ್ಲ. 'ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ' ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಆದಾಯ ಮತ್ತು ಜಾತಿ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ.

ಆಮೇಲೆ ಕಲಾಸೇವೆಯ ದಾಖಲೆ. ನಾವು ಮಾಡಿದ್ದು ಹೀಗೆ. ಇನ್ನೂರು ಪುಟದ ಒಂದು ನೋಟ್‌ಪುಸ್ತಕ ತಂದು ಮೂರು ಸಂಜೆ ಅವರ ಜೊತೆ ಕುಳಿತೆವು. 'ಯಾವ ವರ್ಷ ಎಲ್ಲಿ ಆಡಿದಿರಿ' ಎಂದು ಕೇಳಿದರೆ ಅವರಿಗೆ ನೆನಪಾಗಲಿಲ್ಲ. 'ಯಾವ ಊರ ಜಾತ್ರೆಗೆ ಹೋಗುತ್ತಿದ್ದಿರಿ, ಯಾರ ಮನೆಯಲ್ಲಿ ಇಳಿಯುತ್ತಿದ್ದಿರಿ' ಎಂದು ಕೇಳಿದಾಗ ಒಂದೊಂದೇ ಊರು ಹೊರಬಂತು. ಯಾವ ಪ್ರಸಂಗ, ಕರೆಸಿದವರು ಯಾರು, ಮದ್ದಲೆ ಯಾರದು, ಎಲ್ಲ. ಆ ಪಟ್ಟಿ ಹಿಡಿದುಕೊಂಡು ಪತ್ರ ಕೇಳಲು ಹೊರಟೆವು. ಗ್ರಾಮ ಪಂಚಾಯ್ತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ), ಜಾತ್ರಾ ಸಮಿತಿಯವರು, ಆಟ ಮಾಡಿಸಿದ ಶಾಲೆಯ ಮುಖ್ಯ ಗುರುಗಳು, ಇವರು ತಮ್ಮ ಲೆಟರ್‌ಹೆಡ್‌ನಲ್ಲಿ ದಿನಾಂಕ, ಸಹಿ, ಮೊಹರು ಹಾಕಿ 'ಇವರು ನಮ್ಮ ಊರಲ್ಲಿ ಇಂಥ ಆಟ ಆಡಿದ್ದಾರೆ' ಎಂದು ಬರೆದುಕೊಟ್ಟರೆ ಅದೇ ದಾಖಲೆ. ಕರಪತ್ರ, ಪತ್ರಿಕೆಯ ತುಣುಕು, ಕಂಪನಿ ನಾಟಕದವರಾದರೆ ಟಿಕೆಟ್‌ನ ಅರ್ಧ, ಯಾವುದನ್ನೂ ಬಿಸಾಡಬೇಡಿ. ಧಾರವಾಡ, ಕಲಬುರಗಿ, ಹೊಸಪೇಟೆ, ಯಾವ ಆಕಾಶವಾಣಿಯಲ್ಲಿ ಹಾಡಿದ್ದರೂ ಅಲ್ಲಿಯ ಕರಾರು ಪತ್ರ ತುಂಬ ಗಟ್ಟಿ ದಾಖಲೆ, ಏಕೆಂದರೆ ಅದರಲ್ಲಿ ದಿನಾಂಕವೂ ಸಂಭಾವನೆಯೂ ಇರುತ್ತವೆ.

ಫೋಟೋಗಳ ಹಿಂದೆ ಪೆನ್ಸಿಲ್‌ನಲ್ಲಿ ಊರು, ವರ್ಷ ಬರೆಯಿರಿ. ವರ್ಷ ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಒಂದು ಸುಳ್ಳು ದಿನಾಂಕ ಸಿಕ್ಕಿಬಿದ್ದರೆ ನಿಜವಾದ ಮೂವತ್ತು ಕಾಗದಗಳ ಮೇಲೂ ಅನುಮಾನ ಬರುತ್ತದೆ. ಮೂಲಪ್ರತಿ ಯಾರಿಗೂ ಕೊಡಬೇಡಿ, ಎಲ್ಲದರ ಮೂರು ಜೆರಾಕ್ಸ್ ತೆಗೆಸಿಡಿ. ಟಪಾಲು ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ. ಅರ್ಜಿಯನ್ನು ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಹಾಕುವುದಾದರೆ ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲಿ ಆಗುತ್ತದೆ, ಅರ್ಜಿಯ ಸಂಖ್ಯೆಯಿರುವ ಚೀಟಿಯನ್ನು ಕಡತದಲ್ಲೇ ಹಾಕಿಡಿ.

ವಯಸ್ಸಾದ ಕಲಾವಿದರಿಗೆ: ಮೊದಲು ರಾಜ್ಯ, ಆಮೇಲೆ ಕೇಂದ್ರ

ಈ ಕ್ರಮ ತಪ್ಪಿದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಸಂಸ್ಕೃತಿ ಸಚಿವಾಲಯ ಹಿರಿಯ ಕಲಾವಿದರಿಗೆ ತಿಂಗಳಿಗೆ ಗರಿಷ್ಠ 6,000 ರೂಪಾಯಿ ಕೊಡುವ ಯೋಜನೆಯೊಂದನ್ನು ನಡೆಸುತ್ತದೆ. ವಯಸ್ಸು 60 ತುಂಬಿರಬೇಕು, ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಇದರ ಜೊತೆಗೆ ಎಲ್ಲರೂ ಮರೆಯುವ ಒಂದು ಷರತ್ತಿದೆ: ಕಲಾವಿದರು ರಾಜ್ಯ ಸರ್ಕಾರದ ಕಲಾವಿದರ ಪಿಂಚಣಿಯನ್ನು, ಕಡಿಮೆಯೆಂದರೆ ತಿಂಗಳಿಗೆ 500 ರೂಪಾಯಿಯಷ್ಟು, ಆಗಲೇ ಪಡೆಯುತ್ತಿರಬೇಕು. ನಮ್ಮಲ್ಲಿ ಆ ಪಿಂಚಣಿಯೆಂದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ. ಅದರ ಮಂಜೂರಾತಿ ಆದೇಶವೇ ಕೇಂದ್ರದ ಅರ್ಜಿಗೆ ಕೀಲಿಕೈ. ನೇರವಾಗಿ ದೆಹಲಿಗೆ ಬರೆದು ವರ್ಷಗಟ್ಟಲೆ ಕಾಯುತ್ತ ಕೂತವರನ್ನು ನೋಡಿದ್ದೇನೆ. ಅವರ ಕಲೆಯಲ್ಲಿ ಕೊರತೆಯಿರಲಿಲ್ಲ, ಈ ಒಂದು ಕಾಗದ ಇರಲಿಲ್ಲ.

ಮಂಜೂರಾದ ಮೇಲೂ ಎಚ್ಚರ ಬೇಕು. ಜೀವಿತ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ತಪ್ಪದೆ ಕೊಡಿ. ಕಲಾವಿದರು ತೀರಿಕೊಂಡರೆ ಕೇಂದ್ರದ ನೆರವನ್ನು ಗಂಡ ಅಥವಾ ಹೆಂಡತಿಯ ಹೆಸರಿಗೆ ಮುಂದುವರಿಸಲು ಅವಕಾಶವಿದೆ. ಮನೆಯವರಿಗೆ ಇದನ್ನು ಈಗಲೇ ಹೇಳಿಡಿ, ದುಃಖದ ದಿನಗಳಲ್ಲಿ ಯಾರಿಗೂ ಇದು ನೆನಪಾಗುವುದಿಲ್ಲ.

ಕಲಿಸಲು, ಕಲಿಯಲು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಬಾಗಿಲು ಇದು. ಮಾಸಾಶನದಿಂದ ಕಲಾವಿದರ ಒಲೆ ಉರಿಯುತ್ತದೆ, ಕಲೆ ಮುಂದಕ್ಕೆ ಹೋಗಬೇಕಾದರೆ ಪಕ್ಕದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಕುಳಿತು ಕಲಿಯಬೇಕು. ವಲಯ ಸಾಂಸ್ಕೃತಿಕ ಕೇಂದ್ರಗಳು ಗುರು ಶಿಷ್ಯ ಪರಂಪರೆ ಎಂಬ ಯೋಜನೆ ನಡೆಸುತ್ತವೆ. ಗುರುವಿಗೆ ತಿಂಗಳಿಗೆ 7,500, ಜೊತೆಯಲ್ಲಿ ನುಡಿಸುವವರಿಗೆ 3,750, ಪ್ರತಿ ಶಿಷ್ಯರಿಗೆ 1,500 ರೂಪಾಯಿ. ಅವಧಿ ಆರು ತಿಂಗಳಿನಿಂದ ಒಂದು ವರ್ಷ. ಗುರುಗಳ ಹೆಸರನ್ನು ರಾಜ್ಯದ ಸಂಸ್ಕೃತಿ ಇಲಾಖೆ ಶಿಫಾರಸು ಮಾಡುತ್ತದೆ, ಆದ್ದರಿಂದ ಇದೂ ಜಿಲ್ಲಾ ಕಚೇರಿಯಿಂದಲೇ ಹೊರಡಬೇಕಾದ ಕಾಗದ.

ಹೀಗೆ ಬರೆಯಬೇಕು: ಗುರು ಏನು ಕಲಿಸುತ್ತಾರೆ (ಎಷ್ಟು ಪ್ರಸಂಗ, ಎಷ್ಟು ಹಾಡು, ಯಾವ ಕೈಗೆಲಸ), ವಾರಕ್ಕೆ ಎಷ್ಟು ದಿನ, ಎಲ್ಲಿ ಕೂತು, ಕೊನೆಗೆ ಶಿಷ್ಯರು ಯಾವ ಆಟವನ್ನು ತಾವೇ ಆಡಿ ತೋರಿಸುತ್ತಾರೆ. 'ಅಳಿವಿನಂಚಿನ ಕಲೆಯನ್ನು ಉಳಿಸಿ ಬೆಳೆಸುವುದು' ಎಂಬ ಸಾಲು ಎಲ್ಲ ಅರ್ಜಿಯಲ್ಲೂ ಇರುತ್ತದೆ. 'ಆರು ತಿಂಗಳ ಕೊನೆಗೆ ನಾಲ್ಕು ಮಕ್ಕಳು ಒಂದು ಗಂಟೆಯ ಪ್ರಸಂಗವನ್ನು ಪರದೆಯ ಹಿಂದೆ ಕೂತು ಆಡಿಸುತ್ತಾರೆ' ಎಂದು ಬರೆದದ್ದು ಓದಿದವರ ಕಣ್ಣಿಗೆ ಕಟ್ಟುತ್ತದೆ.

ಓದಿಕೊಂಡ ಯುವಕರಿಗೆ ಬೇರೆ ದಾರಿಯೂ ಇದೆ. 18ರಿಂದ 25 ವರ್ಷದವರಿಗೆ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. 25ರಿಂದ 40ರವರಿಗೆ ಕಿರಿಯ ಫೆಲೋಶಿಪ್ 10,000, ಅದಕ್ಕೂ ಮೇಲ್ಪಟ್ಟವರಿಗೆ ಹಿರಿಯ ಫೆಲೋಶಿಪ್ 20,000, ಇವೂ ಎರಡು ವರ್ಷದವೇ. ಶಾಲೆಯಲ್ಲಿ ಓದುವ 10ರಿಂದ 14 ವರ್ಷದ ಮಕ್ಕಳಿಗೂ ಪ್ರತಿಭಾ ವಿದ್ಯಾರ್ಥಿವೇತನವಿದೆ, ಮನೆತನದ ಕಲೆ ಕಲಿಯುತ್ತಿರುವ ಮಕ್ಕಳು ಹಾಕಲೇಬೇಕು. ಮೊತ್ತ, ವಯೋಮಿತಿ ಆಗಾಗ ಬದಲಾಗುತ್ತವೆ, ಆ ವರ್ಷದ ಪ್ರಕಟಣೆಯನ್ನು ಸಚಿವಾಲಯದ ಜಾಲತಾಣದಲ್ಲಿ ಓದಿಯೇ ಅರ್ಜಿ ತುಂಬಿ.

ಮೇಳಕ್ಕೆ, ಸಂಘಕ್ಕೆ

ಒಬ್ಬರ ಹೆಸರಿಗೆ ಸಿಗದ ನೆರವು ನೋಂದಾಯಿತ ಸಂಘಕ್ಕೆ ಸಿಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಸೇರಿ ಸಂಘ ಕಟ್ಟಬಹುದು. ಕಟ್ಟುವುದು ಸುಲಭ, ನಡೆಸುವುದರಲ್ಲೇ ಸೋಲುತ್ತೇವೆ. ನಾನು ಕೈಜೋಡಿಸಿದ್ದ ಡೊಳ್ಳಿನ ಮೇಳವೊಂದು ಹತ್ತು ವರ್ಷದ ಹಿಂದೆಯೇ ನೋಂದಣಿಯಾಗಿತ್ತು. ಆದರೆ ಮಹಾಸಭೆಯ ನಡಾವಳಿ ಬರೆದಿರಲಿಲ್ಲ, ನೋಂದಣಾಧಿಕಾರಿಗೆ ವರ್ಷದ ಲೆಕ್ಕ ಕೊಟ್ಟಿರಲಿಲ್ಲ. ನೆರವಿನ ಪ್ರಕಟಣೆ ಬಂದಾಗ ಅಷ್ಟೂ ವರ್ಷದ ಬಾಕಿ ತೀರಿಸಲು ಓಡಾಡಿದೆವು, ಅಷ್ಟರಲ್ಲಿ ಕೊನೆಯ ದಿನ ದಾಟಿಹೋಗಿತ್ತು. ವರ್ಷಕ್ಕೊಂದು ಮಹಾಸಭೆ, ಒಂದು ನಡಾವಳಿ ಪುಸ್ತಕ, ಲೆಕ್ಕಪರಿಶೋಧಕರ ಸಹಿಯಿರುವ ಜಮಾಖರ್ಚು, ಸಂಘದ ಹೆಸರಿನಲ್ಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ, ಇಷ್ಟು ಇರಲಿ. ಕೇಂದ್ರದ ಅನುದಾನಕ್ಕೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿಯೂ ಸಂಘದ ಹೆಸರು ದಾಖಲಾಗಿರಬೇಕು.

ಉತ್ಸವ, ಕಮ್ಮಟ, ವಿಚಾರ ಸಂಕಿರಣ, ಹೊಸ ಪ್ರಯೋಗಗಳಿಗೆ ಸಚಿವಾಲಯದ ಕಾರ್ಯಕ್ರಮ ಅನುದಾನ ಸಾಮಾನ್ಯವಾಗಿ 5 ಲಕ್ಷ ರೂಪಾಯಿವರೆಗೆ. ಆದರೆ ಒಟ್ಟು ಖರ್ಚಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಬರುವುದಿಲ್ಲ, ಉಳಿದ ಕಾಲು ಪಾಲು ಎಲ್ಲಿಂದ ಎಂದು ಮೊದಲೇ ತೋರಿಸಬೇಕು. ಸಣ್ಣ ಮೇಳಕ್ಕೆ ಅಷ್ಟು ದೊಡ್ಡದು ಬೇಡ ಅನ್ನಿಸಿದರೆ ರಾಜ್ಯ ಇಲಾಖೆಯ ಧನಸಹಾಯ, ಪ್ರಾಯೋಜಿತ ಕಾರ್ಯಕ್ರಮಗಳೇ ಸಾಕು. ಮಕ್ಕಳಿಗೆ ಚಿಗುರು, ಯುವಕರಿಗೆ ಯುವ ಸೌರಭ, ಪರಿಶಿಷ್ಟ ಜಾತಿಯವರಿಗೆ ಜನಪರ ಉತ್ಸವ, ಪರಿಶಿಷ್ಟ ಪಂಗಡದವರಿಗೆ ಗಿರಿಜನ ಉತ್ಸವ. ಅಲ್ಲಿ ಒಮ್ಮೆ ಆಡಿ ಬಂದರೆ ಮುಂದಿನ ಅರ್ಜಿಗೆ ಅದೇ ದಾಖಲೆಯೂ ಆಗುತ್ತದೆ.

ಹಣ ಬಂದ ಮೇಲೆ ಒಂದೊಂದು ರಸೀದಿಯನ್ನೂ ಅದೇ ದಿನ ಅಂಟಿಸಿಡಿ. ಟೆಂಪೋ ಬಾಡಿಗೆ, ಊಟ, ಮೈಕು, ಶಾಮಿಯಾನ, ಕಲಾವಿದರ ಸಂಭಾವನೆ. ಸಂಭಾವನೆಯನ್ನು ನಗದು ಕೊಡದೆ ಖಾತೆಗೆ ಹಾಕಿ. ಕೊನೆಗೆ ಹಣಬಳಕೆ ಪ್ರಮಾಣಪತ್ರ ಸಲ್ಲಿಸಬೇಕು, ಕೇಂದ್ರದ್ದಾದರೆ ಅದಕ್ಕೆ ಜಿಎಫ್‌ಆರ್ 12-ಎ ಎಂಬ ನಮೂನೆ ಇದೆ. ಅದು ಹೋಗದಿದ್ದರೆ ಮುಂದಿನ ಕಂತೂ ಇಲ್ಲ, ಮುಂದಿನ ವರ್ಷದ ಅರ್ಜಿಯೂ ಇಲ್ಲ.

ಕೈಗೆಲಸವಾದರೆ ಬೇರೆ ಸಚಿವಾಲಯ

ಕಿನ್ನಾಳದ ಗೊಂಬೆ, ಚನ್ನಪಟ್ಟಣದ ಆಟಿಕೆ, ಬಿದರಿ, ಕಸೂತಿ, ಇಳಕಲ್ ಸೀರೆ, ಇವು ಸಂಸ್ಕೃತಿಯೇ ಆದರೂ ಕಡತ ಹೋಗುವುದು ಜವಳಿ ಸಚಿವಾಲಯದ ಕರಕುಶಲ ಮತ್ತು ಕೈಮಗ್ಗ ಅಭಿವೃದ್ಧಿ ಆಯುಕ್ತರ ಕಡೆಗೆ. ಕುಶಲಕರ್ಮಿಗಳು ಮೊದಲು ಅಲ್ಲಿಯ ಪೆಹಚಾನ್ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಸಾಂಪ್ರದಾಯಿಕ ಗೊಂಬೆ ಮತ್ತು ಆಟಿಕೆ ಮಾಡುವವರು, ಕುಂಬಾರರು, ಶಿಲ್ಪಿಗಳು ಅದರಲ್ಲಿ ಸೇರಿದ್ದಾರೆ. ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಊರಿನ ಕಸುಬಿನ ಹೆಸರಿಗೆ ರಕ್ಷಣೆ ಕೊಡುವ ಜಿಐ (ಭೌಗೋಳಿಕ ಸೂಚಕ) ಗುರುತು ವಾಣಿಜ್ಯ ಸಚಿವಾಲಯದ್ದು, ಅದರ ನೋಂದಣಿ ಕಚೇರಿ ಚೆನ್ನೈನಲ್ಲಿದೆ. ನಿಮ್ಮ ಊರಿನ ಕಸುಬಿಗೆ ಈಗಾಗಲೇ ಜಿಐ ಸಿಕ್ಕಿದ್ದರೆ ಸುಮ್ಮನಿರಬೇಡಿ. ಪ್ರತಿಯೊಬ್ಬ ಕುಶಲಕರ್ಮಿಯೂ ಅಧಿಕೃತ ಬಳಕೆದಾರರೆಂದು ತಮ್ಮ ಹೆಸರು ನೋಂದಾಯಿಸಿಕೊಳ್ಳಬಹುದು.

ಹಳೆಯ ಗೊಂಬೆ, ಓಲೆಗರಿ, ಕಲ್ಲು

ಪೆಟ್ಟಿಗೆಯ ಹಳೆಯ ಗೊಂಬೆಗಳನ್ನು ಕೊಳ್ಳಲು ಪೇಟೆಯಿಂದ ಜನ ಬರುತ್ತಾರೆ. ಕೊಡುವ ಮುಂಚೆ ಇದು ತಿಳಿದಿರಲಿ: 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತು ಪ್ರಾಚ್ಯವಸ್ತು, ಹಸ್ತಪ್ರತಿಗೆ 75 ವರ್ಷ ಸಾಕು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮನೆಯಲ್ಲಿ ಓಲೆಗರಿಯ ಕಟ್ಟುಗಳಿದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಅಂಟಿಸಬೇಡಿ, ಬಿಸಿಲಿಗೆ ಹರವಬೇಡಿ. ಹಸ್ತಪ್ರತಿಗಳಿಗೆಂದೇ ಕೇಂದ್ರ 2003ರಲ್ಲಿ ರಾಷ್ಟ್ರೀಯ ಮಿಷನ್ ಶುರುಮಾಡಿತು. ನಮಗೆ ಹತ್ತಿರದ ಆಸರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ. ಹೊಲದಲ್ಲಿ ಶಾಸನದ ಕಲ್ಲೋ ವೀರಗಲ್ಲೋ ಸಿಕ್ಕರೆ ಬಣ್ಣ ಬಳಿಯದೆ, ಅಲುಗಾಡಿಸದೆ ಫೋಟೋ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು.

ಉತ್ತರ ಬಾರದಿದ್ದರೆ

ಎರಡು ತಿಂಗಳು ಕಾಯಿರಿ. ಆಮೇಲೆ ಸ್ವೀಕೃತಿ ಸಂಖ್ಯೆ ಬರೆದು ಒಂದು ನೆನಪೋಲೆ ಕೊಡಿ. ಆಗಲೂ ಸುದ್ದಿಯಿಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಜಗಳದ ಧಾಟಿ ಬೇಡ. 'ನನ್ನ ಅರ್ಜಿ ಈಗ ಯಾರ ಮೇಜಿನಲ್ಲಿದೆ, ಅದರ ಮೇಲಿನ ಷರಾ ಏನು, ಪ್ರತಿ ಕೊಡಿ' ಎಂದು ಕೇಳಿದರೆ ಸಾಕು. ಹಿಂಬರಹ ಬಂದರೆ ಬೇಸರಪಡಬೇಡಿ, ಏನು ಕೊರತೆಯೆಂದು ಕಚೇರಿಯೇ ಬರೆದುಕೊಟ್ಟ ಹಾಗಾಯಿತು.

2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಪದ್ಮ ಪ್ರಶಸ್ತಿಯ ಕಡತ ಗೃಹ ಸಚಿವಾಲಯದ್ದು. ಯಾರು ಯಾರ ಹೆಸರನ್ನಾದರೂ ಆನ್‌ಲೈನ್‌ನಲ್ಲಿ ಸೂಚಿಸಬಹುದು, ಸಾಧನೆಯನ್ನು 800 ಪದದೊಳಗೆ ಬರೆಯಬೇಕು. ನಿಮ್ಮ ಊರಲ್ಲಿ ಅಂಥವರಿದ್ದರೆ ಆ 800 ಪದ ನೀವೇ ಬರೆಯಿರಿ.

ರೆಕಾರ್ಡ್ ಮಾಡಿ

ಈ ಕೆಲಸ ಯಾವ ಮಂಜೂರಾತಿಗೂ ಕಾಯಬೇಕಾಗಿಲ್ಲ. ಮೊಬೈಲ್ ಸಾಕು. ಅವರ ಒಪ್ಪಿಗೆ ಕೇಳಿ, ಫ್ಯಾನ್ ಆರಿಸಿ, ಮೊಬೈಲನ್ನು ಅಡ್ಡ ಹಿಡಿದು ಗೋಡೆಗೋ ಡಬ್ಬಿಗೋ ಒರಗಿಸಿ. ಶುರುವಿನಲ್ಲಿ ಅವರ ಬಾಯಿಂದಲೇ ಹೆಸರು, ಊರು, ಕಲಿಸಿದವರ ಹೆಸರು, ದಿನಾಂಕ ಹೇಳಿಸಿ. ಪರದೆಯ ಮುಂದಿನಿಂದ ಒಮ್ಮೆ, ದೀಪದ ಕಡೆಯಿಂದ ಒಮ್ಮೆ ತೆಗೆಯಿರಿ. ಗೊಂಬೆಯ ಕೈ ಹೇಗೆ ತಿರುಗುತ್ತದೆಂಬುದು ಹಿಂದಿನಿಂದ ಮಾತ್ರ ಕಾಣುತ್ತದೆ, ಕಲಿಯುವವರಿಗೆ ಬೇಕಾದದ್ದು ಅದೇ. ಪೂರ್ತಿ ಪ್ರಸಂಗ ಮುಗಿದ ಮೇಲೆ ಒಂದೊಂದು ಗೊಂಬೆಯನ್ನೂ ಎತ್ತಿ ತೋರಿಸಿ, ಇದು ಯಾರು, ಯಾರು ಮಾಡಿದ್ದು ಎಂದು ಕೇಳಿ. ಎರಡು ಪೆನ್‌ಡ್ರೈವ್‌ಗೆ ಹಾಕಿ. ಒಂದನ್ನು ಅವರ ಪೆಟ್ಟಿಗೆಯಲ್ಲೇ ಗೊಂಬೆಗಳ ಜೊತೆಗಿಡಿ.

ನಮ್ಮ ಹಿರಿಯರ ಅರ್ಜಿ ಎರಡನೇ ಸಲ ಹೋದಾಗ ಕಡತ ಎರಡು ಬೆರಳು ದಪ್ಪವಿತ್ತು. ಟಪಾಲಿನ ಮೊಹರು ಬಿದ್ದ ಪ್ರತಿಯನ್ನು ಅವರು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಮಾಸಾಶನದ ಆದೇಶ ಬಂದಿದೆ. ಈಗ ಕೇಂದ್ರದ ಅರ್ಜಿ ತುಂಬುತ್ತಿದ್ದೇವೆ.